ಎದುರಿಗೆ ಬರುವ ವಿಮಾನದ ಎಡ-ಬಲ

(ಕೂಟದ ಸಂಸ್ಥಾಪನಾ ದಿನಾಚರಣೆಯ ಹವ್ಯಾಸ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯರೊಬ್ಬರನ್ನು ವೇದಿಕೆ ಹತ್ತಿಸಿದರೆ ಕೊಲೆಸ್ಟರಾಲು, ಸಕ್ಕರೆ ಕಾಯಿಲೆ, ಮಂಡಿನೋವು ಈ ಮೂರರಲ್ಲಿ ಒಂದು ಖಂಡಿತ ಎಂದು ನೀವೆಲ್ಲ ಅಂದುಕೊಂಡಿರುತ್ತೀರಿ. ಹೋಳಿಗೆ ಊಟಕ್ಕೆ ಮುಂಚೆ ಅಂಥ ಮಾತಾಡುವಷ್ಟು ಕಟುಕರು ನಾವಲ್ಲ. ನಮಗೆ ಕೊಟ್ಟಿರುವ ವಿಷಯ ಹವ್ಯಾಸ. ನಮ್ಮ ಹವ್ಯಾಸವೆಂದರೆ ಪುಟ್ಟ ವಿಮಾನ ಕಟ್ಟುವುದು, ಹಾರಿಸುವುದು, ಬೀಳಿಸುವುದು, ಮತ್ತೆ ಕಟ್ಟುವುದು. ಇದರಲ್ಲಿ ಮೂರನೆಯದರಲ್ಲಿ ನಮಗೆ ಪರಿಣತಿ ಹೆಚ್ಚು.

ಈ ‘ನಾವು’ ಗೌರವಕ್ಕಾಗಿ ಬಳಸಿದ ಬಹುವಚನವಲ್ಲ. ನಿಜಕ್ಕೂ ನಾವು ಮೂವರು. ಒಬ್ಬರು ಸಾಫ್ಟ್‌ವೇರಿನವರು, ಒಬ್ಬರು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವರು, ಮೂರನೆಯವರು ಈಗ ಮೈಕಿನ ಮುಂದೆ ನಿಂತಿರುವ ಅರಿವಳಿಕೆ ವೈದ್ಯರು. ಮೂರು ಸಂಸಾರ, ಐದು ಮಕ್ಕಳು, ಒಂದು ಗ್ಯಾರೇಜು. ಗ್ಯಾರೇಜು ಯಾರ ಮನೆಯದು ಎಂದು ಹೇಳುವುದಿಲ್ಲ, ಆ ಮನೆಯೊಡತಿ ಸಭೆಯಲ್ಲೇ ಇದ್ದಾರೆ. ಯಾರು ಯಾವ ತಪ್ಪು ಮಾಡಿದರು ಎಂದೂ ಕೇಳಬೇಡಿ. ತಪ್ಪೆಲ್ಲ ಮೂವರ ಖಾತೆಗೆ ಎಂಬುದು ನಮ್ಮ ಒಪ್ಪಂದ. ಒಂದು ತಪ್ಪನ್ನು ಮಾತ್ರ ಕೊನೆಯಲ್ಲಿ ಆ ಖಾತೆಯಿಂದ ಹೊರಗೆ ತೆಗೆಯುತ್ತೇವೆ.

ಇದು ಶುರುವಾದದ್ದು 2012ರ ಬೇಸಿಗೆಯಲ್ಲಿ. ಮಕ್ಕಳನ್ನು ಸ್ಟ್ರಾಬೆರಿ ಕೀಳಿಸಲು ಕರೆದುಕೊಂಡು ಹೋಗುತ್ತಿದ್ದಾಗ ಸೋಯಾ ಹೊಲಗಳ ನಡುವೆ ಕಣಜದ ಹುಳುವಿನಂಥ ಸದ್ದು ಕೇಳಿಸಿತು. ಕಾರು ನಿಲ್ಲಿಸಿ ನೋಡಿದರೆ ನೀಟಾಗಿ ಕತ್ತರಿಸಿದ ಹುಲ್ಲಿನ ಪಟ್ಟಿ, ಅದರ ಪಕ್ಕ ಮಡಚುವ ಕುರ್ಚಿಗಳಲ್ಲಿ ಕೂತ ಹತ್ತು ಹನ್ನೆರಡು ಜನ ನಿವೃತ್ತರು, ಆಕಾಶದಲ್ಲಿ ಕೆಂಪು-ಬಿಳಿ ವಿಮಾನವೊಂದು. ಅದು ಇಳಿದು ನಮ್ಮ ಹತ್ತಿರ ಉರುಳಿ ಬಂದಾಗ ಮೂಗಿಗೆ ಬಡಿದ ವಾಸನೆ ನಮ್ಮನ್ನು ಮೂವತ್ತು ವರ್ಷ ಹಿಂದಕ್ಕೆ ಎಳೆದೊಯ್ದಿತು. ಅದು ಹರಳೆಣ್ಣೆಯ ವಾಸನೆ! ನೆತ್ತಿಗೆ ತಟ್ಟಿ ತಟ್ಟಿ ಎಣ್ಣೆ ಒತ್ತುತ್ತಿದ್ದ ಅಜ್ಜಿಯನ್ನು ಓಹಾಯೋದ ಹೊಲವೊಂದರಲ್ಲಿ ಭೇಟಿಯಾಗುತ್ತೇವೆಂದು ಯಾರು ನಿರೀಕ್ಷಿಸಿದ್ದರು? ಆಮೇಲೆ ತಿಳಿಯಿತು, ಈ ಪುಟ್ಟ ಎಂಜಿನ್‌ಗಳ ಇಂಧನದಲ್ಲಿ ಹರಳೆಣ್ಣೆ ಬೆರೆಸುವುದುಂಟು. ಮೊದಲನೇ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳೂ ಅದನ್ನೇ ಕುಡಿದು ಹಾರಿದವು.

ಆ ನಿವೃತ್ತರಲ್ಲಿ ಒಬ್ಬರು ನಮಗೆ ಗುರುವಾದರು. ಯಂತ್ರದ ಕಾರ್ಖಾನೆಯಲ್ಲಿ ದುಡಿದ ಕೈ, ಕಡಿಮೆ ಮಾತು. ನಮ್ಮ ಮಕ್ಕಳು ಮೊದಲ ದಿನವೇ ‘ಅಜ್ಜ’ ಎಂದರು, ಅದೇ ಹೆಸರು ನಿಂತಿತು. ಈಗ ಅಲ್ಲಿನ ಅಮೆರಿಕನ್ನರೂ ಅವರನ್ನು ‘ಅಜ್ಜ’ ಎಂದೇ ಕರೆಯುತ್ತಾರೆ. ನಮ್ಮ ಕೂಟದ ಕನ್ನಡ ಶಾಲೆ ಇಷ್ಟು ವರ್ಷದಲ್ಲಿ ಮಾಡಲಾಗದ ಸಾಧನೆ!

ನಮ್ಮಲ್ಲಿ ಗಣಿತದವರು ಮಾತ್ರ ಬೆಂಗಳೂರಿನಲ್ಲಿ ಓದುವಾಗ ಎನ್.ಸಿ.ಸಿ. ಏರ್ ವಿಂಗ್‌ನಲ್ಲಿದ್ದು, ಅಲ್ಲಿ ಬಾಲ್ಸಾ ಮರದ ಗ್ಲೈಡರ್ ಕೊರೆದು ಕೈ ಕೊಯ್ದುಕೊಂಡ ಅನುಭವ ಇದ್ದವರು. ಉಳಿದ ಇಬ್ಬರಿಗೆ ಕಾಗದದ ವಿಮಾನವೇ ಪೂರ್ವಾನುಭವ. ಅಜ್ಜ ಒಂದು ಪೆಟ್ಟಿಗೆ ತರಿಸಲು ಹೇಳಿದರು. ಒಳಗೆ ಬಾಲ್ಸಾ ಹಲಗೆಗಳು, ಒಂದು ನಕ್ಷೆ, ಒಂದು ಪುಸ್ತಕ. ವಿಮಾನ ಎಲ್ಲಿ ಎಂದು ಮಕ್ಕಳು ಕೇಳಿದರು. ಚಳಿಗಾಲ ಮುಗಿಯುವ ಹೊತ್ತಿಗೆ ಬರುತ್ತದೆ ಎಂದೆವು.

ಬಾಲ್ಸಾ ಮರ ಹೆಚ್ಚಾಗಿ ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ ಬರುತ್ತದೆ. ಬಾಸಿಂಗದ ಬೆಂಡಿನ ಹಾಗೆ ಹಗುರ, ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತದೆ, ಆದರೂ ಸಸ್ಯಶಾಸ್ತ್ರಜ್ಞರು ಇದನ್ನು ತೇಗ-ಬೀಟೆಗಳ ಜೊತೆ ಗಟ್ಟಿಮರದ ಗುಂಪಿಗೆ ಸೇರಿಸುತ್ತಾರೆ. ಇದರ ರೆಕ್ಕೆ ಕಟ್ಟುವುದು ವೈದ್ಯರಿಗೆ ಅಂಗರಚನೆಯ ಪಾಠದಂತೆ. ಉದ್ದಕ್ಕೆ ಹೋಗುವ ಗಟ್ಟಿ ಪಟ್ಟಿ ಬೆನ್ನೆಲುಬು, ಅದಕ್ಕೆ ಅಡ್ಡಲಾಗಿ ಸಾಲು ಪಕ್ಕೆಲುಬು, ಮೇಲೆ ಚರ್ಮದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆ. ಆ ಹಾಳೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಅಂಟಿಕೊಳ್ಳುತ್ತದೆ, ಇನ್ನಷ್ಟು ಬಿಸಿ ಕೊಟ್ಟರೆ ಬಿಗಿದುಕೊಂಡು ತಮಟೆಯಂತಾಗುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆ ಬಳಸಬಾರದು ಎಂಬುದನ್ನು ನಾವು ಒಂದು ರೇಷ್ಮೆ ಸೀರೆಯ ಬೆಲೆ ಕೊಟ್ಟು ಕಲಿತೆವು.

ಜೋಡಿಸುವ ಅಂಟು ಸೈನೊಅಕ್ರಿಲೇಟ್, ಅಂದರೆ ನಮ್ಮ ಊರಿನ ಅಂಗಡಿಗಳಲ್ಲಿ ‘ಕ್ಷಣದಲ್ಲಿ ಹಿಡಿಯುವ ಅಂಟು’ ಎಂದು ಮಾರುವಂಥದ್ದು. ಅದೇ ವಂಶದ, ದೇಹಕ್ಕೆ ಒಗ್ಗುವಂತೆ ತಯಾರಿಸಿದ ಇನ್ನೊಂದು ಅಂಟಿಗೆ 1998ರಲ್ಲಿ ಈ ದೇಶದಲ್ಲಿ ಗಾಯ ಮುಚ್ಚಲು ಅನುಮತಿ ಸಿಕ್ಕಿತು. ಹಾಗೆಂದು ಗ್ಯಾರೇಜಿನ ಅಂಟನ್ನು ಗಾಯಕ್ಕೆ ಹಚ್ಚಬೇಡಿ, ಅವು ದಾಯಾದಿಗಳೇ ಹೊರತು ಒಂದೇ ಅಲ್ಲ.

ಇನ್ನು ಎಂಜಿನ್. ನಮ್ಮದು ಆರೂವರೆ ಸಿ.ಸಿ.ಯದು. ಅಂಗೈಯಲ್ಲಿ ಕೂರುವಷ್ಟು ಸಣ್ಣದು, ಆದರೆ ಹತ್ತು ಅಂಗುಲದ ಪ್ರೊಪೆಲ್ಲರನ್ನು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಹೆಚ್ಚು ತಿರುಗಿಸುತ್ತದೆ. ಇದರಲ್ಲಿ ಸ್ಕೂಟರಿನಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಇರುವುದು ಗ್ಲೋ ಪ್ಲಗ್, ಒಳಗೆ ಪ್ಲಾಟಿನಂ ಮಿಶ್ರಲೋಹದ ಕೂದಲಿನಂಥ ಸುರುಳಿ. ಶುರು ಮಾಡುವಾಗ ಒಂದೂವರೆ ವೋಲ್ಟಿನ ಸೆಲ್ ಹಚ್ಚಿ ಸುರುಳಿಯನ್ನು ಕೆಂಪಗೆ ಕಾಯಿಸುತ್ತೇವೆ. ಎಂಜಿನ್ ಹತ್ತಿಕೊಂಡ ಮೇಲೆ ಸೆಲ್ ತೆಗೆದುಬಿಡುತ್ತೇವೆ. ಆಮೇಲೂ ಅದು ಕೆಂಪಗೇ ಇರುತ್ತದೆ. ಉರಿಯ ಕಾವು ಒಂದು ಕಾರಣ, ಇಂಧನದ ಮೆಥನಾಲ್ ಪ್ಲಾಟಿನಂನ ಮೈ ತಾಕಿದಾಗ ನಡೆಯುವ ರಾಸಾಯನಿಕ ಕ್ರಿಯೆ ಹುಟ್ಟಿಸುವ ಶಾಖ ಇನ್ನೊಂದು. 1947ರಲ್ಲಿ ರೇ ಆರ್ಡನ್ ಎಂಬವರು ಇಂಥ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ ಪುಟ್ಟ ವಿಮಾನಗಳು ಕಾಯಿಲ್, ಕಂಡೆನ್ಸರ್, ದೊಡ್ಡ ಬ್ಯಾಟರಿಗಳ ಭಾರ ಹೊರುವುದು ತಪ್ಪಿತು.

ಇಂಧನದ ಬಹುಪಾಲು ಮೆಥನಾಲ್, ಸುಮಾರು ಐದನೇ ಒಂದು ಪಾಲು ಎಣ್ಣೆ, ಉಳಿದದ್ದು ನೈಟ್ರೋಮೀಥೇನ್. ಇದರ ಹದವನ್ನು ಸೂಜಿಯಂಥ ಒಂದು ತಿರುಪಿನಿಂದ ಹಿಡಿಯಬೇಕು. ಇಂಧನ ಹೆಚ್ಚಾದರೆ ಎಂಜಿನ್ ಗೊರಗೊರ ಎನ್ನುತ್ತದೆ, ಕಡಿಮೆಯಾದರೆ ಕೀಚಲು ದನಿ ತೆಗೆದು ಬಿಸಿಯೇರಿ ನಿಲ್ಲುತ್ತದೆ. ದನಿ ತುತ್ತತುದಿಗೆ ಮುಟ್ಟಿದಾಗ ಒಂದಿಷ್ಟು ಹಿಂದಕ್ಕೆ ಬಿಡಬೇಕು. ಆಮೇಲೆ ವಿಮಾನದ ಮೂಗನ್ನು ಆಕಾಶಕ್ಕೆ ಎತ್ತಿ ಹಿಡಿದು ಕಿವಿಗೊಡಬೇಕು. ಈ ಕಿವಿ ಬರಲು ನಮಗೆ ಎರಡು ಬೇಸಿಗೆ ಬೇಕಾಯಿತು. ಎಂ.ಬಿ.ಬಿ.ಎಸ್.ನಲ್ಲಿ ಹೃದಯದ ಮರ್ಮರ ಕೇಳಲು ಕಲಿಯುವುದಕ್ಕೂ ಅಷ್ಟೇ ಕಾಲ ಹಿಡಿದಿತ್ತು.

ಇಲ್ಲಿ ವೈದ್ಯರಾಗಿ ಎರಡು ಮಾತು, ಎರಡೇ. ಒಂದು: ಮೆಥನಾಲ್ ಕುಡಿದರೆ ದೇಹ ಅದನ್ನು ಫಾರ್ಮಿಕ್ ಆಮ್ಲವಾಗಿ ಬದಲಿಸುತ್ತದೆ, ಅದು ಕಣ್ಣಿನ ನರವನ್ನು ಸುಡುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ನಮ್ಮ ನಾಡಿನ ಕಳ್ಳಭಟ್ಟಿ ದುರಂತಗಳ ಹಿಂದೆ ಎಷ್ಟೋ ಸಲ ಇರುವುದು ಇದೇ ವಿಷ. ಆದ್ದರಿಂದ ಇಂಧನವನ್ನು ಶರಬತ್ತಿನ ಬಾಟಲಿಗೆ ಎಂದೂ ಸುರಿಯಬೇಡಿ, ಬಾಯಿಂದ ನಳಿಗೆ ಎಳೆಯಬೇಡಿ. ಅದರ ಬೆಂಕಿ ಬಿಸಿಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ ಎಂಬುದೂ ನೆನಪಿರಲಿ. ಎರಡು: ತಿರುಗುವ ಪ್ರೊಪೆಲ್ಲರಿನ ತುದಿ ಗಂಟೆಗೆ 300 ಮೈಲಿಗೂ ಹೆಚ್ಚು ವೇಗದಲ್ಲಿರುತ್ತದೆ. ಬೆರಳು ಹಾಕಿ ತಿರುಗಿಸಬೇಡಿ, ಕೋಲು ಅಥವಾ ಸ್ಟಾರ್ಟರ್ ಬಳಸಿ. ಎಂಜಿನ್ ಓಡುವಾಗ ಏನೇ ಸರಿಪಡಿಸುವುದಿದ್ದರೂ ಪ್ರೊಪೆಲ್ಲರಿನ ಹಿಂದೆ ನಿಂತು ಮಾಡಿ. ಉಪದೇಶ ಮುಗಿಯಿತು.

ಈಗ ಹಾರಾಟದ ವಿಷಯಕ್ಕೆ ಬರೋಣ. ನಮ್ಮ ಡೇಟನ್ನಿನ ರೈಟ್ ಸಹೋದರರನ್ನು ಇಲ್ಲಿ ನೆನೆಯಬೇಕು. 1878ರಲ್ಲಿ ಅವರ ತಂದೆ ರಬ್ಬರ್ ಬ್ಯಾಂಡಿನಿಂದ ಮೇಲೇರುವ ಒಂದು ಆಟಿಕೆ ತಂದುಕೊಟ್ಟರು, ಅಲ್ಲಿಂದಲೇ ಆ ಹುಡುಗರಿಗೆ ಹಾರಾಟದ ಹುಚ್ಚು ಹತ್ತಿತು. ಆ ಕಾಲದಲ್ಲಿ ಬಹಳ ಮಂದಿ ಎಂಜಿನ್ನಿನ ಶಕ್ತಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದರೆ, ಸೈಕಲ್ ಅಂಗಡಿಯ ಈ ಅಣ್ಣತಮ್ಮಂದಿರು ವಿಮಾನ ಎಡಕ್ಕೋ ಬಲಕ್ಕೋ ವಾಲುವುದನ್ನು ಹತೋಟಿಯಲ್ಲಿಡುವ ಬಗೆ ಹುಡುಕಿದರು. ಅವರು ರೆಕ್ಕೆಯನ್ನೇ ತಿರುಚಿದರು. ನಮ್ಮ ವಿಮಾನದಲ್ಲಿ ಅದೇ ಕೆಲಸವನ್ನು ರೆಕ್ಕೆಯ ಹಿಂದಂಚಿನ ಐಲೆರಾನ್ ಎಂಬ ಎರಡು ಪಟ್ಟಿಗಳು ಮಾಡುತ್ತವೆ. ಒಂದು ಮೇಲೆದ್ದರೆ ಇನ್ನೊಂದು ಕೆಳಗಿಳಿಯುತ್ತದೆ, ಮೇಲೆದ್ದ ಕಡೆಗೆ ವಿಮಾನ ವಾಲುತ್ತದೆ.

ಕಷ್ಟ ಇರುವುದು ಇಲ್ಲೇ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲ ನಮಗೂ ಬಲ. ತಿರುಗಿ ನಮ್ಮ ಕಡೆ ಬರುವಾಗ ಅದರ ಬಲ ನಮ್ಮ ಎಡ. ಬಲಕ್ಕೆ ತಿರುಗಿಸಲು ಹೋಗಿ ಎಡಕ್ಕೆ ತಿರುಗಿಸಿ, ಗಾಬರಿಯಲ್ಲಿ ಇನ್ನಷ್ಟು ತಿರುಗಿಸಿ ನೆಲ ಸೇರಿಸುವುದು ಹೊಸಬರ ಹಣೆಬರಹ. ವೈದ್ಯರಿಗೆ ಇದು ಹೊಸತಲ್ಲ. ರೋಗಿ ಎದುರು ನಿಂತಾಗ ಅವರ ಬಲಗೈ ನಮ್ಮ ಎಡಕ್ಕಿರುತ್ತದೆ, ಎಕ್ಸ್‌ರೇ ಕೂಡ ಹಾಗೆಯೇ ತೂಗುಹಾಕಿರುತ್ತದೆ. ಆದರೂ ಆಕಾಶದಲ್ಲಿ ಆ ವಿದ್ಯೆ ಕೈ ಕೊಟ್ಟಿತು. ಅಜ್ಜ ಹೇಳಿಕೊಟ್ಟ ಉಪಾಯ ಸರಳ: ವಿಮಾನ ಎದುರಿಗೆ ಬರುವಾಗ ಯಾವ ಕಡೆಯ ರೆಕ್ಕೆ ಕೆಳಗಿದೆಯೋ ಆ ಕಡೆಗೆ ಕಡ್ಡಿ ತಳ್ಳು, ಬೀಳುವ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಅವರ ಟ್ರಾನ್ಸ್‌ಮಿಟರಿಗೂ ನಮ್ಮದಕ್ಕೂ ಒಂದು ತಂತಿ ಜೋಡಿಸಿ, ಸ್ವಿಚ್ ಒತ್ತಿ ಹಿಡಿದಷ್ಟು ಹೊತ್ತು ನಮಗೆ ಹಾರಿಸಲು ಬಿಡುತ್ತಿದ್ದರು. ಬಿಟ್ಟರೆ ವಿಮಾನ ಅವರ ಕೈಗೆ. ಒಂದು ಭಾನುವಾರ ಇಡೀ ಎಂಟು ನಿಮಿಷ ಅವರು ಸ್ವಿಚ್ಚಿನಿಂದ ಬೆರಳು ತೆಗೆಯಲಿಲ್ಲ. ಇಳಿಸಿದ ಮೇಲೆ ತಂತಿ ಸುತ್ತಿ ಜೇಬಿಗೆ ಹಾಕಿಕೊಂಡರು. ಅದೇ ನಮ್ಮ ಪದವಿ ಪ್ರದಾನ.

ಇನ್ನು ಹೇಳಬೇಕಾದದ್ದು 2016ರ ಮೇ ತಿಂಗಳಿನ ಒಂದು ಭಾನುವಾರದ ಸಂಗತಿ.

ಹಿಂದಿನ ವಾರ ರೆಕ್ಕೆಯೊಳಗಿನ ಸರ್ವೋ ಕೆಟ್ಟಿತ್ತು. ಸರ್ವೋ ಎಂದರೆ ಐಲೆರಾನನ್ನು ಎಳೆದು ತಳ್ಳುವ ಪುಟ್ಟ ಮೋಟಾರು. ಹೊಸದನ್ನು ಹಾಕಿದೆವು. ಬೇರೆ ಬೇರೆ ಕಂಪನಿಯ ಸರ್ವೋಗಳು ಒಂದೇ ಆಜ್ಞೆಗೆ ವಿರುದ್ಧ ದಿಕ್ಕಿಗೆ ತಿರುಗುವುದುಂಟು. ಅದಕ್ಕಾಗಿಯೇ ಟ್ರಾನ್ಸ್‌ಮಿಟರಿನಲ್ಲಿ ದಿಕ್ಕು ಬದಲಿಸುವ ವ್ಯವಸ್ಥೆ ಇರುತ್ತದೆ. ಇದೆಲ್ಲ ನಮಗೆ ಗೊತ್ತಿತ್ತು. ಹೊಲದಲ್ಲಿ ಎಂಜಿನ್ ಶುರು ಮಾಡುವ ಮುಂಚೆ ಕಡ್ಡಿ ಅಲ್ಲಾಡಿಸಿ ನೋಡಿದೆವು ಕೂಡ. ಐಲೆರಾನ್ ಚೆನ್ನಾಗಿ ಆಡುತ್ತಿತ್ತು. ಆಡುತ್ತಿದೆಯೇ ಎಂದು ನೋಡಿದೆವು, ಎತ್ತ ಆಡುತ್ತಿದೆ ಎಂದು ನೋಡಲಿಲ್ಲ.

ವಿಮಾನ ನೆಲ ಬಿಟ್ಟಿತು. ಗಾಳಿಗೆ ಎಡರೆಕ್ಕೆ ಸ್ವಲ್ಪ ಇಳಿಯಿತು. ಎತ್ತಲು ಕಡ್ಡಿಯನ್ನು ಬಲಕ್ಕೆ ಕೊಟ್ಟೆವು, ಇನ್ನಷ್ಟು ಇಳಿಯಿತು. ಪೂರ್ತಿ ಬಲಕ್ಕೆ ಕೊಟ್ಟೆವು. ವಿಮಾನ ಮಗುಚಿ, ಅರ್ಧ ಸುತ್ತು ಹೊಡೆದು, ನಮ್ಮ ತಲೆಯ ಮೇಲಿಂದ ಹಿಂದಕ್ಕೆ ಹಾಯಿತು. ಹಿಂದೆ ಇದ್ದದ್ದು ಕಾರುಗಳು, ಕುರ್ಚಿಗಳು, ಚಾಪೆ, ನಮ್ಮ ಸಂಸಾರಗಳು. ಎರಡೂವರೆ ಕಿಲೋ ತೂಕದ ಯಂತ್ರ ಪೂರ್ತಿ ವೇಗದಲ್ಲಿ ಚಾಪೆಯ ಅಂಚಿಗೆ ಬಡಿಯಿತು. ಪುಳಿಯೋಗರೆಯ ಡಬ್ಬಿ ಎರಡು ಹೋಳಾಯಿತು. ಆ ಡಬ್ಬಿಯನ್ನು ಅಲ್ಲಿಟ್ಟು, ತಟ್ಟೆ ತರಲೆಂದು ಆಗತಾನೆ ಎದ್ದು ಹೋಗಿದ್ದ ಎಂಟು ವರ್ಷದ ಹುಡುಗಿ ಆರಡಿ ದೂರದಲ್ಲಿ ನಿಂತಿದ್ದಳು.

ಯಾರಿಗೂ ಏನೂ ಆಗಲಿಲ್ಲ. ಈ ಮಾತನ್ನು ಹೇಳುವಾಗ ಇಷ್ಟು ವರ್ಷದ ನಂತರವೂ ಗಂಟಲು ಕಟ್ಟುತ್ತದೆ. ಅಜ್ಜ ಬೈಯಲಿಲ್ಲ. ಮೊದಲು ತಲೆ ಎಣಿಸಿದರು. ಆಮೇಲೆ ಅವಶೇಷದ ಹತ್ತಿರ ಮಂಡಿಯೂರಿ ಕೂತು, ಟ್ರಾನ್ಸ್‌ಮಿಟರ್ ಕೇಳಿ ಪಡೆದು, ಕಡ್ಡಿಯನ್ನು ಮೆಲ್ಲಗೆ ಬಲಕ್ಕೆ ಸರಿಸಿದರು. ಮುರಿದ ರೆಕ್ಕೆಯಲ್ಲಿ ಇನ್ನೂ ಜೀವವಿತ್ತು. ಮೇಲೇಳಬೇಕಾದ ಬಲಗಡೆಯ ಐಲೆರಾನ್ ನಮ್ಮೆಲ್ಲರ ಕಣ್ಣೆದುರಿಗೇ ಕೆಳಗಿಳಿಯಿತು. ಅವರು ಮಾತಾಡದೆ ಟ್ರಾನ್ಸ್‌ಮಿಟರನ್ನು ಹಿಂದಕ್ಕೆ ಕೊಟ್ಟರು.

ಆರಂಭದಲ್ಲಿ ಹೇಳಿದ ಒಪ್ಪಂದದಿಂದ ಹೊರಗೆ ತೆಗೆಯುವ ತಪ್ಪು ಇದು. ಸರ್ವೋ ಬದಲಿಸಿದ ಕೈ, ಆ ದಿನ ಕಡ್ಡಿ ಹಿಡಿದ ಕೈ ಎರಡೂ ನಮ್ಮಲ್ಲಿನ ವೈದ್ಯರದು. ಈಗ ಈ ಮೈಕನ್ನು ಹಿಡಿದಿರುವುದೂ ಅದೇ ಕೈ. ಹಿಂದಿನ ರಾತ್ರಿ ಡ್ಯೂಟಿ ಇತ್ತು, ನಿದ್ದೆ ಇರಲಿಲ್ಲ ಎನ್ನುವುದು ನಿಜ, ಆದರೆ ಅದು ಸಬೂಬು. ನಿದ್ದೆಗೆಟ್ಟ ದಿನ ಹಾರಿಸದೆ ಇರಬಹುದಿತ್ತು. ಗೆಳೆಯರಿಬ್ಬರು ಇವತ್ತಿಗೂ “ನಾವು ಮೂವರೂ ನೋಡಲಿಲ್ಲವಲ್ಲ” ಎನ್ನುತ್ತಾರೆ. ಅದು ಅವರ ದೊಡ್ಡತನ.

ಇದರಲ್ಲಿ ನಾಚಿಕೆಯ ಇನ್ನೊಂದು ಮುಖವಿದೆ. ಈ ದೇಶದ ಆಸ್ಪತ್ರೆಗಳಲ್ಲಿ 2004ರಿಂದ ಒಂದು ಕಟ್ಟುನಿಟ್ಟು ಬಂದಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಕೊಯ್ಯುವ ಜಾಗಕ್ಕೆ ಗುರುತು ಹಾಕಬೇಕು, ಕತ್ತಿ ತಾಕಿಸುವ ಮೊದಲು ಥಿಯೇಟರಿನಲ್ಲಿರುವ ಎಲ್ಲರೂ ಕೈಕೆಲಸ ನಿಲ್ಲಿಸಿ ಯಾವ ರೋಗಿ, ಯಾವ ಶಸ್ತ್ರಕ್ರಿಯೆ, ಎಡವೋ ಬಲವೋ ಎಂದು ಗಟ್ಟಿಯಾಗಿ ಹೇಳಬೇಕು. ಎಡದ ಬದಲು ಬಲ ಮಂಡಿ ಕೊಯ್ದಂಥ ಅನಾಹುತಗಳಿಂದ ಕಲಿತ ಪಾಠ ಅದು. ಅರಿವಳಿಕೆ ವೈದ್ಯರು ದಿನಕ್ಕೆ ನಾಲ್ಕೈದು ಸಲ ಹೀಗೆ ನಿಂತು ಎಡ-ಬಲ ಒಪ್ಪಿಸುತ್ತಾರೆ. ವಾರದಲ್ಲಿ ಐದು ದಿನ ಕೆಲಸದಲ್ಲಿ ಮಾಡುವುದನ್ನು ಭಾನುವಾರ ಆಟವೆಂದು ಬಿಟ್ಟೆವು. ಆದರೆ ಪ್ರೊಪೆಲ್ಲರಿಗೆ ಭಾನುವಾರ ಯಾವುದು, ಸೋಮವಾರ ಯಾವುದು?

ಈ ಓದಿ ಹೇಳುವ ಪದ್ಧತಿ ಬೇರೂರಿದ್ದು ವಿಮಾನದಿಂದಲೇ, ಅದೂ ನಮ್ಮ ನೆರೆಯಲ್ಲೇ. 1935ರ ಅಕ್ಟೋಬರ್ 30ರಂದು ಡೇಟನ್ನಿನ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ 299 ಎಂಬ ದೊಡ್ಡ ಬಾಂಬರ್ ಮೇಲೆದ್ದ ಕೂಡಲೇ ಬಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ. ನಿಂತ ವಿಮಾನದ ಪಟ್ಟಿಗಳು ಗಾಳಿಗೆ ಹೊಡೆದುಕೊಳ್ಳದಂತೆ ಹಾಕಿದ್ದ ಬೀಗವನ್ನು ತೆಗೆಯಲು ಮರೆತಿದ್ದರು. ಹಾರಿಸಿದವರು ಸೇನೆಯ ನುರಿತ ಪೈಲಟ್, ಅವರು ಉಳಿಯಲಿಲ್ಲ. ಅದಾದ ಮೇಲೆ ಸೇನೆಯ ಪೈಲಟ್‌ಗಳು ಕಂಡುಕೊಂಡ ಉತ್ತರ, ಏರುವ ಮುಂಚೆ ಓದಬೇಕಾದ ಒಂದು ಪಟ್ಟಿ. ಜಾಣತನಕ್ಕೂ ಮರೆವಿಗೂ ವೈರವಿಲ್ಲ, ಎರಡೂ ಒಂದೇ ತಲೆಯಲ್ಲಿ ಸುಖವಾಗಿ ಬಾಳುತ್ತವೆ ಎಂಬುದನ್ನು ಅವರು ಒಪ್ಪಿಕೊಂಡರು.

ನಾವು ಆರು ವಾರ ಹಾರಿಸಲಿಲ್ಲ. ಎಂಜಿನ್ ಮಾರಿಬಿಡೋಣ ಎಂಬ ಮಾತೂ ಬಂತು. ಮನೆಯವರು ಬೇಡ ಎಂದಿದ್ದರೆ ಬಿಟ್ಟೇಬಿಡುತ್ತಿದ್ದೆವು. ಆಗ ಆ ಹುಡುಗಿಯೇ ಕೇಳಿದಳು, “ಅಪ್ಪಾ, ನೀನು ಮರೆತುಬಿಟ್ಟೆ ಅಲ್ವಾ? ಮುಂದಿನ ಸಲ ನಾನು ನೆನಪಿಸ್ತೀನಿ.” ಅಪ್ಪ ಯಾರೆಂದು ಈಗ ನಿಮಗೆ ಗೊತ್ತಾಗಿರಬೇಕು.

ಹೀಗೆ ಹುಟ್ಟಿತು ನಮ್ಮ ಪಟ್ಟಿ. ಮಕ್ಕಳಿಗೆ ಓದಲು ಬರಲೆಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಪ್ಲಾಸ್ಟಿಕ್ ಹೊದಿಸಿದ್ದೇವೆ:

ರೆಕ್ಕೆಯ ಕಟ್ಟು ಬಿಗಿಯೇ?
ಎರಡು ಬೆರಳ ಮೇಲೆ ತೂಕ ಸಮವೇ?
ಬ್ಯಾಟರಿ ಎರಡೂ ತುಂಬಿವೆಯೇ?
ದೂರ ನಿಂತು ರೇಡಿಯೋ ಪರೀಕ್ಷೆ ಆಯಿತೇ?
ವಿಮಾನದ ಹಿಂದೆ ನಿಂತಿದ್ದೀರಾ? ಕಡ್ಡಿ ಬಲಕ್ಕೆ. ಬಲದ ಪಟ್ಟಿ ಮೇಲೆದ್ದಿತೇ?
ಹಿಂದೆ ಇರುವವರೆಲ್ಲ ಬೇಲಿಯ ಆಚೆ ಇದ್ದಾರೆಯೇ?
ರಾತ್ರಿ ನಿದ್ದೆ ಆಗಿದೆಯೇ?

ಪ್ರತಿಯೊಂದಕ್ಕೂ ಬಾಯಿಬಿಟ್ಟು ಉತ್ತರ ಹೇಳಬೇಕು, ತಲೆಯಾಡಿಸಿದರೆ ನಡೆಯದು. ಕೊನೆಯ ಪ್ರಶ್ನೆಗೆ “ಇಲ್ಲ” ಎಂದವರು ಆ ದಿನ ಪುಳಿಯೋಗರೆ ಬಡಿಸುವ ಕೆಲಸಕ್ಕೆ. ಹೊಲದ ಹಿರಿಯರೂ ಪಟ್ಟಿಯನ್ನು ತಮ್ಮ ಭಾಷೆಗೆ ಬರೆದುಕೊಂಡು ಹಲಗೆಗೆ ತೂಗುಹಾಕಿದ್ದಾರೆ. ಕಾರುಗಳನ್ನೂ ಕುರ್ಚಿಗಳನ್ನೂ ಇನ್ನಷ್ಟು ದೂರಕ್ಕೆ ಸರಿಸಿ, ನಡುವೆ ಬಲೆಯ ಬೇಲಿ ಹಾಕಿದ್ದೇವೆ. ಕರ್ನಾಟಕದ ಹೆದ್ದಾರಿಗಳ ತಿರುವಿನಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಹಲಗೆಯನ್ನು ನಾವೆಲ್ಲ ಸಾವಿರ ಸಲ ಓದಿದವರು. ಅದು ಬಸ್ಸಿನ ಚಾಲಕನಿಗೆ ಬರೆದದ್ದೆಂದು ತಿಳಿದಿದ್ದೆವು, ಅಷ್ಟೆ.

ಈಗ ಕಾಲ ಬದಲಾಗಿದೆ. ಹೊಸಬರು ಹೆಚ್ಚಾಗಿ ಲಿಥಿಯಂ ಬ್ಯಾಟರಿಯ ವಿದ್ಯುತ್ ಮೋಟಾರನ್ನೇ ಹಿಡಿಯುತ್ತಾರೆ. ಸದ್ದಿಲ್ಲ, ಜಿಡ್ಡಿಲ್ಲ, ಕೆಲಸ ಸುಲಭ. ಗ್ಲೋ ಎಂಜಿನ್ನಿನವರು ಈಗ ಗ್ರಾಮಫೋನಿನವರ ಜಾತಿ. ಸರ್ಕಾರದ ನಿಯಮಗಳೂ ಬಂದಿವೆ: 250 ಗ್ರಾಂ ಮೀರಿದ ವಿಮಾನ ಹಾರಿಸುವವರು ನೋಂದಾಯಿಸಿಕೊಳ್ಳಬೇಕು, ಹವ್ಯಾಸಕ್ಕೆ ಹಾರಿಸುವವರೆಲ್ಲ ಸುರಕ್ಷತೆಯ ಒಂದು ಸಣ್ಣ ಪರೀಕ್ಷೆ ಪಾಸು ಮಾಡಿರಬೇಕು, ಸಾಮಾನ್ಯವಾಗಿ 400 ಅಡಿಗಿಂತ ಮೇಲೇರಬಾರದು. ಬರಬೇಕೆಂದಿರುವವರು ಮೊದಲು ಹತ್ತಿರದ ಕ್ಲಬ್ ಸೇರಿ, ಗುರುವಿನ ಪಕ್ಕ ನಿಂತು ಕಲಿಯಿರಿ. ಮೋಟಾರು ಯಾವುದಾದರೂ ಸರಿ, ಎಡ-ಬಲ ಎಲ್ಲಕ್ಕೂ ಒಂದೇ.

ಕಡೆಯದಾಗಿ ಒಂದು ಮಾತು. ನಮ್ಮ ಮಕ್ಕಳನ್ನು ಬೆಳೆಸುವಾಗ ಅವರು ನಮ್ಮ ಮುಂದೆ ಮುಂದೆ, ನಾವು ನೋಡುತ್ತಿರುವ ದಿಕ್ಕಿಗೇ ಹೋಗುತ್ತಿದ್ದಾರೆ ಎಂದುಕೊಂಡಿರುತ್ತೇವೆ. ಒಂದು ದಿನ ಅವರು ತಿರುಗಿ ನಮ್ಮ ಎದುರಿಗೆ ಬರುತ್ತಾರೆ. ಆಗ ನಮ್ಮ ಬಲ ಅವರ ಎಡ. ಜೋರಾಗಿ ಎಳೆದಷ್ಟೂ ಕೆಡುತ್ತದೆ. ಯಾವ ರೆಕ್ಕೆ ಕೆಳಗಿದೆ ಎಂದು ನೋಡಿ ಅತ್ತ ಊರುಗೋಲು ಕೊಡುವುದನ್ನು ನಾವು ಮನೆಯಲ್ಲೂ ಕಲಿಯುತ್ತಿದ್ದೇವೆ. ಅಲ್ಲಿ ಇನ್ನೂ ಪಾಸಾಗಿಲ್ಲ.

ಮುಂದಿನ ಬೇಸಿಗೆಯ ವನಭೋಜನದ ದಿನ ಎಲ್ಲರೂ ನಮ್ಮ ಹೊಲಕ್ಕೆ ಬನ್ನಿ. ಬೇಲಿಯ ಆಚೆ ಕೂತು ನೋಡಿ. ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ, ವಿಮಾನವನ್ನು ನಮಗಿಂತ ಚೆನ್ನಾಗಿ ಇಳಿಸುತ್ತಾಳೆ. ಆದರೂ ಪಟ್ಟಿ ಓದುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಐದನೆಯ ಪ್ರಶ್ನೆಗೆ ಬಂದಾಗ ಮಾತ್ರ ಅವಳು ಹಲಗೆ ನೋಡುವುದಿಲ್ಲ, ಅಪ್ಪನ ಮುಖ ನೋಡುತ್ತಾಳೆ. ಅಪ್ಪ ವಿಮಾನದ ಹಿಂದೆ ನಿಂತು, ಕಡ್ಡಿಯನ್ನು ಬಲಕ್ಕೆ ಸರಿಸಿ, ಗಟ್ಟಿಯಾಗಿ ಹೇಳಬೇಕು: “ಬಲದ್ದು ಮೇಲೆದ್ದಿತು.”

ಹೋಳಿಗೆ ಆರುವ ಮುಂಚೆ ಎಲ್ಲರೂ ಊಟಕ್ಕೆ ಏಳೋಣ.